ಸೀಮೆಸುಣ್ಣದ ಕಾರು

ಫೆಬ್ರವರಿ ೩, ಸೋಮವಾರ

ಅವಳಿ ಮಕ್ಕಳು. ವೈದ್ಯೆಯ ಕೋಣೆಯಿಂದ ಹೊರಬಂದ ಮಗಳು, ನಗಬೇಕೋ ಅಳಬೇಕೋ ತೋಚದವಳಂತೆ, ಬಾಗಿಲಿಗೆ ಒರಗಿ ನಿಂತು ಈ ಸುದ್ದಿಯನ್ನು ಹೇಳಿದಳು. ಅಳಿಯ ತಕ್ಷಣ ಗೋಡೆಯ ಕಡೆ ತಿರುಗಿ, ಕೈ ತೊಳೆಯುವ ವಿಧಾನವನ್ನು ವಿವರಿಸುವ ಭಿತ್ತಿಪತ್ರವನ್ನು ಬಹಳ ಶ್ರದ್ಧೆಯಿಂದ ಓದತೊಡಗಿದ. ಔಷಧದ ಅಂಗಡಿಯಲ್ಲಿ ವೈದ್ಯರ ಕೈಬರಹವನ್ನು ಬಿಡಿಸಿ ಬಿಡಿಸಿ ಆತನಿಗೆ ಓದುವುದೇ ಚಾಳಿಯಾಗಿದೆ. ಸಂತೋಷವಾದರೂ ಓದುತ್ತಾನೆ, ಗಾಬರಿಯಾದರೂ ಓದುತ್ತಾನೆ.

ಹಿಂದಿರುಗುವಾಗ ಎಂದಿನಂತೆ ಕಾರನ್ನು ನಾನೇ ನಡೆಸಿದೆ. ನಮ್ಮವರಿದ್ದಾಗಲೂ ನಾನೇ ನಡೆಸುತ್ತಿದ್ದೆ. ಅವರಿಗೆ ಕಾರು ನಡೆಸಲು ಬರುತ್ತಿರಲಿಲ್ಲ. ಪಕ್ಕದಲ್ಲಿ ಕುಳಿತು ಬುದ್ಧಿ ಹೇಳಲು ಮಾತ್ರ ಬರುತ್ತಿತ್ತು.

"ಅಮ್ಮ, ಇನ್ನು ಈ ಕಾರು ಸಾಲಲ್ಲ," ಎಂದಳು ಹಿಂದಿನಿಂದ ಮಗಳು.

"ಯಾಕೆ ಸಾಲಲ್ಲ? ಕೂಸುಗಳು ಎಷ್ಟು ಜಾಗ ತಿಂತಾವೆ? ನಿನ್ನನ್ನ ಮಡಿಲಲ್ಲಿ ಕೂರಿಸ್ಕೊಂಡೇ ಊರೆಲ್ಲ ಸುತ್ತಿದ್ದೀನಿ."

"ಈಗ ಮಡಿಲಲ್ಲಿ ಕೂರಿಸೋ ಹಾಗಿಲ್ಲ. ಇರೋ ಒಬ್ಬಳೂ ಸೇರಿ ಮೂರು ಮಕ್ಕಳಿಗೂ ಮೂರು ಬೇರೆ ಸೀಟು ಕಟ್ಟಬೇಕು. ಕೂಸುಗಳದ್ದಂತೂ ಹಿಂದುಮುಂದಾಗಿ."

"ಹಿಂದುಮುಂದಾಗಿ ಅಂದ್ರೆ?"

"ಮುಖ ಹಿಂದಕ್ಕೆ ಮಾಡಿ, ಅತ್ತೆ," ಎಂದ ಅಳಿಯ. "ಜೋರಾಗಿ ಬ್ರೇಕ್ ಹಾಕಿದ್ರೆ ಎಳೇ ಕತ್ತಿಗೆ ಪೆಟ್ಟಾಗಬಾರದು ಅಂತ."

ಹೋಗುವ ದಾರಿಗೆ ಬೆನ್ನು ಮಾಡಿ ಪ್ರಯಾಣ ಮಾಡುವವರ ವಿಚಾರವನ್ನು ನಾನು ಇಂದೇ ಕೇಳಿದ್ದು.

ಮನೆಯ ಕೆಳಗೆ ಕಾರನ್ನು ಹಿಂದಕ್ಕೆ ನಡೆಸಿ ನಿಲ್ಲಿಸುವಾಗ ಕಂಬ ತುಸು ತಗುಲಿತು. ಆ ಕಂಬಕ್ಕೆ ಬಿಳಿಯ ಬಣ್ಣ ಬಳಿಸಬೇಕು, ಮಬ್ಬಿನಲ್ಲಿ ಕಾಣುವುದಿಲ್ಲ. ಕತ್ತು ಹಿಡಿದುಕೊಂಡಿದೆ. ದಿಂಬನ್ನು ಬದಲಾಯಿಸಬೇಕು.

ಫೆಬ್ರವರಿ ೯, ಭಾನುವಾರ

ಹಳೆಯ ಕಾರಿನ ಹಿಂದಿನ ಆಸನವನ್ನು ಅಳೆದೆ. ಮೂರು ಸೀಟುಗಳು ಕೂರುವುದಿಲ್ಲ. ಒಪ್ಪಿಕೊಂಡೆ. ಅಳತೆಯೊಡನೆ ವಾದ ಮಾಡುವುದು ನನ್ನ ಸ್ವಭಾವವಲ್ಲ.

ಆದರೆ ಮಗಳು ಏಳು ಆಸನಗಳ ಕಾರೇ ಬೇಕೆನ್ನುತ್ತಾಳೆ. ಅದು ಕಾರಲ್ಲ, ಗಾಲಿಯ ಮೇಲೆ ನಿಲ್ಲಿಸಿದ ಮನೆ. ಈಗಿನದಕ್ಕಿಂತ ತುಸು ಅಗಲವಾದ ಐದು ಆಸನಗಳ ಕಾರು ಸಾಕೆಂಬುದು ನನ್ನ ಅಭಿಪ್ರಾಯ. ನಮ್ಮ ಬೀದಿ ಕಿರಿದು. ಮನೆಯ ಕೆಳಗೆ ಕಂಬಕ್ಕೂ ಗೋಡೆಗೂ ನಡುವೆ ಇರುವ ಜಾಗ ಇನ್ನೂ ಕಿರಿದು. ಗೋಡೆಗೆ ಅಂಟಿಕೊಂಡಿರುವ ನನ್ನ ಹೂಕುಂಡಗಳ ಕಟ್ಟೆ ಬೇರೆ ಇದೆ.

"ಬುಗುರಿಗೆ ಫ್ರಾಕ್ ಹೊಲಿಯುವಾಗ ಒಳಗೆ ನಾಲ್ಕು ಬೆರಳು ಬಟ್ಟೆ ಮಡಚಿ ಬಿಡ್ತೀಯ," ಎಂದಳು ಮಗಳು. "ಕೇಳಿದ್ರೆ, ಬೆಳೆಯೋ ಮಗು ಅಂತೀಯ. ಕಾರಿಗೆ ಮಾತ್ರ ಮೈಗಂಟೋ ಹಾಗೆ ಕತ್ತರಿಸ್ತಿದ್ದೀಯ."

"ಫ್ರಾಕನ್ನ ಕಂಬದ ಪಕ್ಕ ನಿಲ್ಲಿಸಬೇಕಾಗಿಲ್ಲ," ಎಂದೆ.

ಮೊಮ್ಮಗಳಿಗೆ ಬುಗುರಿ ಎಂದು ಹೆಸರಿಟ್ಟವಳು ನಾನೇ. ಐದು ವರ್ಷದ ಆ ಹುಡುಗಿ ಒಂದೆಡೆ ನಿಂತದ್ದನ್ನು ಯಾರೂ ಕಂಡಿಲ್ಲ. ಅವಳನ್ನು ಶಾಲೆಗೆ ಬಿಟ್ಟು ಕರೆತರುವುದು ನನ್ನ ಕೆಲಸ. ದೊಡ್ಡ ಕಾರು ಬಂದರೆ ಅದರ ಬೀಗದ ಕೈ ನನ್ನ ಕೈಚೀಲದಲ್ಲಿ ಇರುವುದಿಲ್ಲ. ನನ್ನ ವಿರೋಧಕ್ಕೆ ಅದು ಕಾರಣವಲ್ಲ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತಿದ್ದೇನೆ.

ಫೆಬ್ರವರಿ ೧೪, ಶುಕ್ರವಾರ

ಈ ವಾರವಿಡೀ ಬೀದಿಯಲ್ಲಿ ನನಗೆ ಮನುಷ್ಯರು ಕಾಣುತ್ತಿಲ್ಲ, ಕಾರುಗಳ ಹಿಂಭಾಗ ಮಾತ್ರ ಕಾಣುತ್ತಿದೆ. ಅಂಗಡಿಯ ಮುಂದೆ ನಿಂತಿದ್ದ ಒಂದು ಏಳು ಆಸನದ ಕಾರನ್ನು ಅಳತೆಯ ಪಟ್ಟಿ ಹಿಡಿದು ಅಳೆಯುತ್ತಿದ್ದಾಗ ಅದರ ಯಜಮಾನ ಒಳಗಿನಿಂದ ಕಿಟಕಿ ಇಳಿಸಿ, "ಏನಮ್ಮ, ಕೋಟು ಹೊಲಿಸ್ತೀರಾ ಇದಕ್ಕೆ?" ಎಂದು ಕೇಳಿದ. ಪಟ್ಟಿ ಸುತ್ತಿಕೊಂಡು ನಡೆದೆ. ಮನೆಗೆ ಬಂದ ಮೇಲೆ ಮೂರು ಉತ್ತರಗಳು ಹೊಳೆದವು.

ಮಾರ್ಚ್ ೧, ಶನಿವಾರ

ಮಾತಿನಿಂದ ಬಗೆಹರಿಯದ್ದನ್ನು ಸೀಮೆಸುಣ್ಣದಿಂದ ಬಗೆಹರಿಸುವುದು ನಮ್ಮ ಹೊಲಿಗೆ ಕಸುಬಿನ ಕ್ರಮ. ಬೆಲೆಯುಳ್ಳ ಬಟ್ಟೆಗೆ ಕತ್ತರಿ ಹಾಕುವ ಮೊದಲು ಉಡುಪಿನ ಆಕಾರವನ್ನು ಪೂರ್ಣ ಅಳತೆಯಲ್ಲಿ ಬರೆದು ನೋಡುತ್ತೇವೆ. ಅಂತೆಯೇ ಇಂದು ಹಜಾರದ ಮೇಜು ಕುರ್ಚಿಗಳನ್ನು ಗೋಡೆಗೆ ಸರಿಸಿ, ಐದು ಆಸನದ ಕಾರನ್ನು ನೆಲದ ಮೇಲೆ ಬರೆದೆ. ಬಾಗಿಲುಗಳು, ಚಕ್ರಗಳ ಉಬ್ಬು, ಸಾಮಾನಿನ ಜಾಗ, ಎಲ್ಲವೂ ಅಳತೆಗೆ ಸರಿಯಾಗಿ. ಮುಂದೆ ಎರಡು ಕುರ್ಚಿ, ಹಿಂದೆ ಉದ್ದನೆಯ ಬೆಂಚು. ಬೆಂಚಿನ ಎರಡು ತುದಿಗೂ ಹುಟ್ಟಲಿರುವ ಮಕ್ಕಳ ಸ್ಥಾನದಲ್ಲಿ ಎರಡು ದಿಂಬುಗಳು, ಹೇಳಿದಂತೆ ಹಿಂದುಮುಂದಾಗಿ. ನಡುವೆ ಬುಗುರಿ.

ಮಗಳ ಸೊಂಟದ ಸುತ್ತಳತೆಗೆ ಮುಂದಿನ ತಿಂಗಳುಗಳ ಲೆಕ್ಕವನ್ನೂ ಸೇರಿಸಿದ್ದೆ. ಅಳಿಯನ ಮೊಣಕಾಲಿನ ಉದ್ದವನ್ನು ಆತ ಪತ್ರಿಕೆ ಓದುತ್ತಿದ್ದಾಗಲೇ ತೆಗೆದುಕೊಂಡಿದ್ದೆ. ಎಲ್ಲರನ್ನೂ ಒಳಗೆ ಕೂರಿಸಿದೆ. ಹೊಂದಿಕೊಂಡರು. ಒಂದು ಸುಕ್ಕಿಲ್ಲ, ಒಂದು ಬಿಗಿತವಿಲ್ಲ. ಅಳಿಯ ಊಟದ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದ. ಬುಗುರಿ ಯಂತ್ರದ ಸದ್ದು ಮಾಡಿದಳು.

"ಅಜ್ಜೀ, ಕಾರು ಹೊರಡ್ತು! ಟಾಟಾ!"

ಕತ್ತಿನ ಸುತ್ತ ಅಳತೆಯ ಪಟ್ಟಿ ಹಾಕಿಕೊಂಡು ಗೆರೆಯ ಆಚೆ ನಿಂತಿದ್ದ ನಾನೂ ಕೈ ಬೀಸಿದೆ. ಬೀಸುತ್ತಲೇ ಇದ್ದೆ. ಮಗಳ ಮುಖವನ್ನು ನೋಡಿದ ಮೇಲೆ ಕೈ ಇಳಿಸಿದೆ.

"ಅಮ್ಮ, ನೀನೆಲ್ಲಿ?"

"ನಾನಾ? ನಾನು ಓಡಿಸೋಳು."

"ಹಾಗಾದ್ರೆ ಇವರೆಲ್ಲಿ?"

ಅಳಿಯ ತಟ್ಟೆಯೊಡನೆ ಅರ್ಧ ಎದ್ದು, "ಪರವಾಗಿಲ್ಲ ಅತ್ತೆ, ನಾನು ಬಸ್ಸಲ್ಲಿ ಬರ್ತೀನಿ," ಎಂದ.

"ನೀವು ಕೂತ್ಕೊಳ್ರಿ ಸುಮ್ನೆ!" ಎಂದು ಮಗಳು ಗದರಿದಳು. ಆಮೇಲೆ ನನ್ನ ಕಡೆ ತಿರುಗಿದಳು. "ಅವರ ಅಳತೆ ತಗೊಂಡೆ. ನನ್ನದು ತಗೊಂಡೆ. ಇನ್ನೂ ಹುಟ್ಟದೇ ಇರೋವ್ರದ್ದೂ ತಗೊಂಡೆ. ನಿನ್ನದು ತಗೊಂಡ್ಯಾ?"

ತೆಗೆದುಕೊಂಡಿರಲಿಲ್ಲ. ಅಳೆಯುವವರು ಅಳತೆಯ ಹೊರಗೆ ನಿಲ್ಲುತ್ತಾರೆ. ಒಳಗೆ ನಿಂತರೆ ಪಟ್ಟಿ ಹಿಡಿಯಲು ಆಗುವುದಿಲ್ಲ. ನನ್ನ ಉಡುಪುಗಳನ್ನೂ ಹಳೆಯದೊಂದನ್ನು ಮೇಲಿಟ್ಟು ಕತ್ತರಿಸಿಕೊಳ್ಳುವುದೇ ನನ್ನ ರೂಢಿ. ಇದು ಕಸುಬಿನ ಅಭ್ಯಾಸವೇ ಹೊರತು ಮರೆವಲ್ಲ. ಮಗಳು ಇದನ್ನು ಮರೆವೆಂದು ತಿಳಿದಿದ್ದರೂ ಚೆನ್ನಾಗಿತ್ತು. ಅವಳು ಅತ್ತಳು.

ಮಾರ್ಚ್ ೨, ಭಾನುವಾರ

ನೆಲವನ್ನು ಒರೆಸಬೇಕಿತ್ತು. ಬುಗುರಿ ಬೆಳಗಿನಿಂದ ಅದರೊಳಗೇ ಇದ್ದಾಳೆ. ಗೆರೆ ದಾಟಿ ಹೋದವರನ್ನು ಕರೆದು, "ಬಾಗಿಲು ಹಾಕಿ ಹೋಗಿ," ಎನ್ನುತ್ತಾಳೆ. ಅಳಿಯ ಎರಡು ಬಾರಿ ಹಿಂದಿರುಗಿ ಬಂದು ಇಲ್ಲದ ಬಾಗಿಲನ್ನು ಹಾಕಿ ಹೋದ.

ನಾನೊಂದು ಪರಿಹಾರವನ್ನು ಸೂಚಿಸಿದೆ. ಅವರು ಹೊಸ ಕಾರನ್ನು ಕೊಳ್ಳಲಿ, ಹಳೆಯದು ನನಗಿರಲಿ. ಎಲ್ಲಿಗೆ ಹೋದರೂ ನಾನು ಅವರ ಹಿಂದೆಯೇ ಬರುತ್ತೇನೆ.

"ನಾವು ಮುಂದೆ, ನೀನು ಹಿಂದೆ! ಮೆರವಣಿಗೆ ಹೊರಟಿದ್ದೀವಾ?" ಎಂದಳು ಮಗಳು.

ಸೂಚನೆ ಅಲ್ಲಿಗೇ ನಿಂತಿತು.

ಮಾರ್ಚ್ ೯, ಭಾನುವಾರ

ಬುಗುರಿ ಸೀಮೆಸುಣ್ಣದ ಕಾರಿನ ಹಿಂಭಾಗಕ್ಕೆ ತಾನೇ ಒಂದು ಉಬ್ಬು ಬರೆದಿದ್ದಾಳೆ. ಅದು ಅಜ್ಜಿಯ ಸೀಟಂತೆ. ಗೆರೆ ಬಹಳ ಸೊಟ್ಟಗಿತ್ತು. ಅಳತೆಗೋಲನ್ನಿಟ್ಟು ಅಳಿಸಿ ನೇರವಾಗಿ ಬರೆದೆ. ಸೊಟ್ಟ ಗೆರೆಯನ್ನು ದಿನವೂ ನೋಡುತ್ತ ಕೂರಲಾರೆ, ಅಷ್ಟೇ.

ಮಾರ್ಚ್ ೨೯, ಶನಿವಾರ

ಕಾರುಗಳ ಅಂಗಡಿಗೆ ಹೋಗಿದ್ದೆವು. ಮಾರಾಟದವನ ಟೈ ಹೊಟ್ಟೆಯ ಅರ್ಧದಲ್ಲೇ ಮುಗಿದುಹೋಗಿತ್ತು. ಆತ ಹೇಳಿದ ಅರ್ಧದಷ್ಟು ಮಾತು ಆ ಕಾರಣದಿಂದ ನನ್ನ ಕಿವಿಗೆ ಬೀಳಲಿಲ್ಲ.

"ಮೇಡಂ, ನೀವು ಹಿಂದೆ ಆರಾಮಾಗಿ ಕೂತ್ಕೊಳ್ಳಿ. ಸರ್ ಓಡಿಸಿ ನೋಡ್ಲಿ."

"ಸರ್ ಆಮೇಲೆ ಓಡಿಸ್ತಾರೆ. ಮೊದಲು ನಾನು."

ಏಳು ಆಸನದ ಆ ಕಾರನ್ನು ದೊಡ್ಡ ರಸ್ತೆಯ ತುದಿಯವರೆಗೆ ನಡೆಸಿದೆ. ಮುಂದಕ್ಕೆ ಹೋಗುವುದರಲ್ಲಿ ಅದು ವಿಧೇಯವಾಗಿಯೇ ಇದೆ. ಅಂಗಡಿಗೆ ಹಿಂದಿರುಗಿ, ಎರಡು ಕಾರುಗಳ ನಡುವೆ ಹಿಂದಕ್ಕೆ ನಡೆಸಿ ನಿಲ್ಲಿಸಬೇಕಾಯಿತು. ಎದುರಿನ ಪುಟ್ಟ ಪರದೆಯ ಮೇಲೆ ಹಸಿರು ಗೆರೆ, ಹಳದಿ ಗೆರೆ, ಕೆಂಪು ಗೆರೆ. ಸೀಮೆಸುಣ್ಣದ ಗೆರೆ ಬರೆದಲ್ಲಿ ನಿಲ್ಲುತ್ತದೆ. ಇವು ನಾನು ಚಕ್ರ ತಿರುಗಿಸಿದತ್ತ ಬಾಗಿ ಓಡುತ್ತವೆ. ಅವನ್ನು ಬಿಟ್ಟು, ಮಾಮೂಲಿನಂತೆ ತಿರುಗಿ ನೋಡಲು ಹೋದೆ. ಸ್ವಲ್ಪ ಹೊತ್ತು ಹಾಗೆಯೇ ಇದ್ದೆ. ಹಿಂದೆ ಯಾರೋ ಹಾರ್ನ್ ಹೊಡೆದರು.

ಯಂತ್ರವನ್ನು ನಿಲ್ಲಿಸಿ ಕೆಳಗಿಳಿದೆ. ಆ ಕಾರಿನ ಹಿಂಬದಿಯ ಗಾಜನ್ನು ತಯಾರಕರು ಸರಿಯಾದ ಎತ್ತರದಲ್ಲಿ ಕೂರಿಸಿಲ್ಲವೆಂದು ಮಾರಾಟದವನಿಗೆ ತಿಳಿಸಿದೆ. ಅಳಿಯ ಹತ್ತಿ, ರಸ್ತೆಯ ಕ್ಷಮೆ ಕೇಳುವವನಂತೆ ಮೆಲ್ಲಮೆಲ್ಲನೆ ಹಿಂದಕ್ಕೆ ನಡೆಸಿ ನಿಲ್ಲಿಸಿದ.

ಮನೆಯವರೆಗೂ ಅಳಿಯ ಅಂಗಡಿಗಳ ಫಲಕಗಳನ್ನು ಓದುತ್ತ ಬಂದ. ಮಗಳು ಒಂದು ಮಾತನ್ನಾದರೂ ಆಡಿದ್ದರೆ ಜಗಳವಾಡಬಹುದಿತ್ತು.

ಏಪ್ರಿಲ್ ೧೧, ಶುಕ್ರವಾರ

ಮೂರನೆಯ ದಿಂಬು. ಇದೂ ಸರಿಯಿಲ್ಲ.

ಏಪ್ರಿಲ್ ೧೬, ಬುಧವಾರ

ಶಾಲೆಯಿಂದ ಬರುವಾಗ, ಬಲಕ್ಕೆ ತಿರುಗುವಲ್ಲಿ ಸೈಕಲಿನವನೊಬ್ಬ ಎಲ್ಲಿಂದಲೋ ಬಂದ. ಬೀಳಲಿಲ್ಲ. ಕಾಲೂರಿ ನಿಂತು ಏನೇನೋ ಕೂಗಿದ.

"ಅಜ್ಜಿ, ಆ ಮಾಮ ಯಾಕೆ ಬೈದ್ರು?"

"ಅವರಿಗೆ ಅವಸರ, ಪುಟ್ಟ."

"ಅವರು ಅಲ್ಲೇ ಇದ್ರು ಅಜ್ಜಿ. ನಾನು ನೋಡ್ತಾ ಇದ್ದೆ."

ಮನೆಯಲ್ಲಿ ಬುಗುರಿ ಈ ವಿಷಯವನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಊಟಕ್ಕೆ ಕುಳಿತಾಗ ಅವಳು ನನ್ನನ್ನು ನೋಡಿದಳು, ನಾನು ಅವಳ ಲೋಟಕ್ಕೆ ನೀರು ಬಗ್ಗಿಸಿದೆ. ರಾತ್ರಿಯ ಅಡುಗೆಗೆ ಎರಡು ಬಾರಿ ಉಪ್ಪು ಹಾಕಿದ್ದೆನೆಂದು ಆಮೇಲೆ ತಿಳಿಯಿತು.

ಮೇ ೧೩, ಮಂಗಳವಾರ

 

ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದ ಮಗಳು ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಳಿತುಬಿಟ್ಟಳು. ಏಳನೆಯ ತಿಂಗಳಿದು, ನೋವು ಬರುವ ಕಾಲವಲ್ಲ. ಅಳಿಯ ಅಂಗಡಿಯಲ್ಲಿದ್ದ. ಆಸ್ಪತ್ರೆಗೇ ಬರುವಂತೆ ಆತನಿಗೆ ಫೋನಿನಲ್ಲಿ ಹೇಳಿ, ಬುಗುರಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮಗಳನ್ನು ಹಿಂದಿನ ಆಸನದಲ್ಲಿ ಒರಗಿಸಿ ಹೊರಟೆ. ಆಸ್ಪತ್ರೆಯವರೆಗೆ ಯಾವ ತೊಂದರೆಯೂ ಆಗಲಿಲ್ಲ. ಒಳಗಿನ ಇಕ್ಕಟ್ಟಾದ ದಾರಿಯಲ್ಲಿ ಅರ್ಧ ಹೋಗಿದ್ದೆ; ಎದುರಿನಿಂದ, ದೀಪ ತಿರುಗಿಸುತ್ತ, ಆಂಬುಲೆನ್ಸ್ ಬಂದು ನಿಂತಿತು. ಎರಡು ಪಕ್ಕಕ್ಕೂ ಗೋಡೆ. ಹಿಂದಕ್ಕೆ ಸರಿಯಬೇಕಾದವಳು ನಾನೇ.

ಹಿಂದಕ್ಕೆ ತಿರುಗಿದೆ. ನನ್ನ ಹೆಗಲು ಕಂಡಿತು. ಅದರಾಚೆಗೆ ಕತ್ತು ಹೋಗಲಿಲ್ಲ. ಇನ್ನೊಂದು ಕಡೆಯಿಂದ ತಿರುಗಿದೆ. ಆ ಹೆಗಲೂ ಕಂಡಿತು. ಕನ್ನಡಿಯಲ್ಲಿ ಮಗಳ ಬೆವರಿದ ಮುಖದ ವಿನಾ ಬೇರೇನೂ ಇರಲಿಲ್ಲ. ಆಂಬುಲೆನ್ಸಿನವನು ಕೈ ಹೊರಹಾಕಿ ಬೀಸುತ್ತಿದ್ದ.

ಆಗ ಮಗಳು ಎದ್ದಳು. ಆ ಸ್ಥಿತಿಯಲ್ಲಿ, ಆಸನದ ಮೇಲೆ ಮೊಣಕಾಲೂರಿ, ಹಿಂದಿನ ಗಾಜಿಗೆ ಮುಖ ಮಾಡಿ ಕುಳಿತಳು.

"ಬಾ ಅಮ್ಮ... ಬಾ... ನೆಟ್ಟಗೆ ಬಾ... ನಿಲ್ಲು! ಯಾರೋ ತಾತ ಕೋಲು ಹಿಡ್ಕೊಂಡು ದಾಟ್ತಿದಾರೆ... ತಡಿ..." ನಡುವೆ ಉಸಿರು ಹಿಡಿದಳು. "ಹೋದ್ರು. ಈಗ ಬಾ. ಬಲಕ್ಕೆ ತಿರುಗಿಸು. ಇನ್ನೂ ತಿರುಗಿಸು. ಸಾಕು ಅಮ್ಮ. ಸಾಕು."

ಅವಳು ಹೇಳಿದಂತೆ ನಡೆಸಿದೆ. ಹಿಂದೆ ಏನಿದೆಯೆಂದು ನಾನು ನೋಡಲೇ ಇಲ್ಲ.

ಅದು ಸುಳ್ಳು ನೋವಂತೆ. ಮಕ್ಕಳು ಕ್ಷೇಮ. ಮಗಳು ಇನ್ನು ಮಲಗಿಯೇ ಇರಬೇಕು. ಎಲ್ಲ ತಪಾಸಣೆ ಮುಗಿದು, ಅವಳು ಮಂಚದ ಮೇಲೆ ಒರಗಿದ್ದಾಗ, ನನ್ನ ಕೈ ಹಿಡಿದುಕೊಂಡು ಕೇಳಿದಳು:

"ಕತ್ತು ಎಷ್ಟು ದಿನದಿಂದ ಹೀಗಿದೆ?"

"ದಿಂಬು ಸರಿಯಿಲ್ಲ."

"ಅಮ್ಮ. ಮೂರು ದಿಂಬಾಯ್ತು."

ಮನೆಗೆ ಬರುವಾಗ ಅಳಿಯ ಕಾರು ನಡೆಸಿದ. ನಾನು ಆತನ ಪಕ್ಕದಲ್ಲಿ ಕುಳಿತಿದ್ದೆ. ಬುದ್ಧಿ ಹೇಳಲಿಲ್ಲ.

ಮೇ ೧೪, ಬುಧವಾರ

ಕಾರಿನ ಬೀಗದ ಕೈಯನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಸಿದೆ. ಕೈಚೀಲ ಭಾರವಾಗಿತ್ತು.

ಮೇ ೨೦, ಮಂಗಳವಾರ

ಗಾರೆ ಕೆಲಸದವನನ್ನು ಕರೆಸಿ ಹೂಕುಂಡಗಳ ಕಟ್ಟೆಯನ್ನು ಒಡೆಸಿದೆ. ಆತ ಸುತ್ತಿಗೆ ಎತ್ತುವ ಮೊದಲು, "ಗಟ್ಟಿ ಕಟ್ಟೆ ಕಣಮ್ಮ, ಯಾಕೆ ಒಡಿಸ್ತೀರಿ?" ಎಂದ. "ಗಾಳಿ ಬರಲಿ ಅಂತ," ಎಂದೆ. ಕುಂಡಗಳು ಮೆಟ್ಟಿಲ ಮೇಲೆ ಸಾಲಾಗಿ ನಿಂತಿವೆ. ಅಲ್ಲಿ ಅವಕ್ಕೆ ಬಿಸಿಲೂ ಹೆಚ್ಚು.

ಈಗ ಕಂಬಕ್ಕೂ ಗೋಡೆಗೂ ನಡುವೆ, ಎರಡು ಪಕ್ಕದ ಕನ್ನಡಿಗಳನ್ನು ಮಡಚಿದರೆ, ಏಳು ಆಸನದ ಕಾರು ನಿಲ್ಲುತ್ತದೆ. ಒಳಗೆ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಓಡಿಸುವವನೊಬ್ಬನನ್ನು ಬಿಟ್ಟು ಎಲ್ಲರೂ ಹೊರಗೇ ಇಳಿಯಬೇಕು. ಬೆಳೆಯುವ ಮಕ್ಕಳಿರುವ ಮನೆಗೆ ಒಳಗೆ ನಾಲ್ಕು ಬೆರಳು ಮಡಚಿಯೇ ಹೊಲಿಯಬೇಕೆಂದು ರಾತ್ರಿ ಊಟದ ವೇಳೆಗೆ ಎಲ್ಲರಿಗೂ ತಿಳಿಸಿದೆ.

"ಇದನ್ನ ಎಲ್ಲೋ ಕೇಳಿದ ಹಾಗಿದೆ," ಎಂದಳು ಮಗಳು ಮಲಗಿದಲ್ಲಿಂದ.

ನನ್ನ ನಿಲುವು ಬದಲಾಗಿಲ್ಲ. ಜಾಗದ ಅಳತೆ ಬದಲಾಗಿದೆ.

ಆಮೇಲೆ ಅವಳು ನನ್ನನ್ನು ಮಂಚದ ಬಳಿಗೆ ಕರೆದು, ಕತ್ತಿನಿಂದ ಪಟ್ಟಿಯನ್ನು ತೆಗೆದುಕೊಂಡಳು. "ನೆಟ್ಟಗೆ ನಿಲ್ಲು. ಅಲ್ಲಾಡಬೇಡ. ಉಸಿರು ಬಿಗಿ ಹಿಡೀಬೇಡ, ಅಳತೆ ಸುಳ್ಳಾಗುತ್ತೆ." ನಾನು ಗಿರಾಕಿಗಳಿಗೆ ಹೇಳುವ ಮಾತುಗಳನ್ನೇ ಒಂದೂ ಬಿಡದೆ ನನಗೆ ಹೇಳಿದಳು. ಸೊಂಟ, ಮೊಣಕಾಲು, ಕುಳಿತಾಗಿನ ಎತ್ತರ. ಪಟ್ಟಿಯನ್ನು ಆಕೆ ತಿರುಗಾಮುರುಗಾ ಹಿಡಿದಿದ್ದಳು. ತಿದ್ದಬೇಕೆನಿಸಿತು, ಮಲಗಿರುವವಳನ್ನು ಯಾಕೆ ದಣಿಸಬೇಕೆಂದು ಸುಮ್ಮನಾದೆ.

ಜೂನ್ ೧, ಭಾನುವಾರ

ಹಳೆಯ ಕಾರನ್ನು ದಾದಿಯೊಬ್ಬಳು ಕೊಂಡಳು. ಚಳಿಯಲ್ಲಿ ಮೊದಲ ಯತ್ನಕ್ಕೇ ಯಂತ್ರ ಚಾಲೂ ಆಗುವುದಿಲ್ಲವೆಂದೂ, ಎಡಗಿಟಕಿಯನ್ನು ಪೂರ್ತಿ ಇಳಿಸಿದರೆ ಮೇಲೆ ಬರಲು ಮುನಿಸಿಕೊಳ್ಳುತ್ತದೆಂದೂ ತಿಳಿಸಿದೆ. ಆಕೆ ಒಂದು ತೋಳನ್ನು ಪಕ್ಕದ ಆಸನದ ಮೇಲಿಟ್ಟು, ಕತ್ತನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಕಂಬದ ಪಕ್ಕದಿಂದ ಬೀದಿಯವರೆಗೆ ಒಂದೇ ಉಸಿರಿಗೆ ತೆಗೆದುಕೊಂಡು ಹೋದಳು.

ಎಷ್ಟು ಸಲೀಸಾಗಿ ತಿರುಗುತ್ತದೆ, ಕತ್ತು!

ಜೂನ್ ೧೪, ಶನಿವಾರ

ಹೊಸ ಕಾರು ಬಂದಿತು. ಬೂದು ಬಣ್ಣ. ಅದೇ ಕಾರಿನ ಆರು ಆಸನದ ಮಾದರಿ; ನಡುವಿನ ಸಾಲಿನಲ್ಲಿ ಎರಡೇ ಆಸನಗಳು, ಬಿಡಿಬಿಡಿಯಾಗಿ. ಅವುಗಳ ನಡುವಿನ ಸಂದಿಯಿಂದ ನುಸುಳಿ ಕಡೆಯ ಸಾಲಿಗೆ ಹೋಗಬೇಕು. ಬುಗುರಿ ಒಂದು ಗಂಟೆ ಅದರಲ್ಲೇ ನುಸುಳಾಡಿದಳು. ಆಮೇಲೆ ಕಡೆಯ ಸಾಲಿನಲ್ಲಿ ತಾನೊಬ್ಬಳೇ ಕೂರುವುದಿಲ್ಲವೆಂದು ಹಟ ಹಿಡಿದಳು.

ಕಡೆಯ ಸಾಲಿನ ಆಸನಗಳು ತಗ್ಗು. ಅವಕ್ಕೆ ದಪ್ಪನೆಯ ಮೆತ್ತೆ ಹೊಲಿಯುತ್ತಿದ್ದೇನೆ. ಒಂದು ಬುಗುರಿಯ ಅಳತೆಗೆ. ಇನ್ನೊಂದಕ್ಕೆ ಮಗಳು ಬರೆದಿಟ್ಟ ಅಳತೆ ಎರಡು ಬೆರಳು ಹೆಚ್ಚಾಗಿತ್ತು. ಹಾಗೆಯೇ ಹೊಲಿದೆ.

ಹಜಾರವನ್ನು ಇಂದು ಒರೆಸಿದೆ. ಗೆರೆಗಳು ಆಗಲೇ ಬಹುಪಾಲು ಮಾಸಿದ್ದವು.

ಜುಲೈ ೬, ಭಾನುವಾರ

ಒಂದು ಗಂಡು, ಒಂದು ಹೆಣ್ಣು. ಬೆಳಗ್ಗೆ, ನಿಮಿಷಗಳ ಅಂತರದಲ್ಲಿ. ಅಳಿಯ ಆಸ್ಪತ್ರೆಯ ಬೆಂಕಿ ಆರಿಸುವ ಸೂಚನೆಗಳನ್ನು ಮೂರು ಬಾರಿ ಓದಿದ. ಮಗಳಿಗೆ ಹೊಟ್ಟೆಯಲ್ಲಿ ಹೊಲಿಗೆ ಹಾಕಿದ್ದಾರೆ. ಎಲ್ಲರೂ ಕ್ಷೇಮ.

ಜುಲೈ ೧೧, ಶುಕ್ರವಾರ

ಇಂದು ಮಕ್ಕಳನ್ನು ಮನೆಗೆ ಕರೆತಂದೆವು.

"ಅಮ್ಮ, ನೀನು ಮುಂದೆ ಕೂತ್ಕೋ," ಎಂದಳು ಮಗಳು ಆಸ್ಪತ್ರೆಯ ಬಾಗಿಲಲ್ಲಿ. "ನಾನು ಹಿಂದೆ ನುಸುಳ್ತೀನಿ."

"ಹೊಟ್ಟೇಲಿ ಹೊಲಿಗೆ ಇಟ್ಕೊಂಡು ನುಸುಳ್ತಾಳಂತೆ! ಹೊಲಿಗೆ ವಿಷಯ ನಿನಗಿಂತ ನನಗೆ ಗೊತ್ತು. ಹತ್ತು ಮುಂದೆ."

ಅವಳು ಮುಂದೆ, ಅಳಿಯ ಚಕ್ರದ ಹಿಂದೆ, ನಡುವಿನ ಸಾಲಿನಲ್ಲಿ ಎರಡು ಕೂಸುಗಳು ಹೋಗುವ ದಾರಿಗೆ ಬೆನ್ನು ಮಾಡಿ, ಕಡೆಯಲ್ಲಿ ಬುಗುರಿ ಮತ್ತು ನಾನು. ಕಾರು ಹೊರಟಿತು. ಮೊದಲ ತಿರುವಿಗೇ ಮಗಳು ಹಿಂದಕ್ಕೆ ತಿರುಗಲು ನೋಡಿ, ಹೊಲಿಗೆ ಎಳೆದು ನರಳಿದಳು.

"ನನಗೆ ಸೀಟಿನ ಬೆನ್ನು ಬಿಟ್ರೆ ಏನೂ ಕಾಣ್ತಿಲ್ಲ. ಅಮ್ಮಾ, ಏನ್ ಮಾಡ್ತಿದಾರೆ?"

"ನೀನು ತಿರುಗಬೇಡ. ನಾನು ಹೇಳ್ತೀನಿ."

ಮುಂದಕ್ಕೆ ಬಾಗಿದೆ. ಆಸನಗಳ ಬೆನ್ನಿನ ಮೇಲಿಂದ ಎರಡು ಮುಖಗಳೂ ನನ್ನತ್ತಲೇ ಇದ್ದವು. ಆ ಕಾರಿನಲ್ಲಿ ಬೇರೆಲ್ಲಿ ಕುಳಿತರೂ ಅವು ಕಾಣುವುದಿಲ್ಲ.

"ಬಲಗಡೆಯವನು ಆಕಳಿಸ್ತಿದಾನೆ. ಬಾಯಿ ಮುಚ್ಚೋದನ್ನ ಮರೆತಿದಾನೆ. ಎಡಗಡೆಯವಳು ಎದ್ದಿದ್ದಾಳೆ. ನನ್ನನ್ನೇ ದುರುಗುಟ್ಟಿ ನೋಡ್ತಿದಾಳೆ, ಏನೋ ತಪ್ಪು ಹುಡುಕೋ ಹಾಗೆ."

"ಯಾರ ಹಾಗೆ ಅಂತ ಕೇಳಲೇ ಬೇಕಾಗಿಲ್ಲ," ಎಂದಳು ಮಗಳು. ಅಳಿಯ ನಕ್ಕ. ಆತ ನಕ್ಕದ್ದನ್ನು ನಾನು ಕೇಳಿದ್ದು ಅಪರೂಪ.

"ಈಗ?" ಎಂದಳು ಮುಂದಿನ ತಿರುವಿನಲ್ಲಿ.

"ಈಗ ಅವನೂ ಕಣ್ಣು ಬಿಟ್ಟ."

ಮನೆಯವರೆಗೂ ಹಾಗೆಯೇ ಹೇಳುತ್ತ ಬಂದೆ. ಜೀವಮಾನವಿಡೀ ಯಂತ್ರದ ಮೇಲೆ ಬಾಗಿ ಬಾಗಿ ಪಳಗಿದ ಕತ್ತಿದು. ಮುಂದಕ್ಕೆ ಬಾಗಲು ಅದಕ್ಕೆ ಯಾವ ತಕರಾರೂ ಇಲ್ಲ. ಬುಗುರಿ ನನ್ನ ತೋಳಿನ ಮೇಲೆ ಕೆನ್ನೆಯಿಟ್ಟು, ದಾರಿಯುದ್ದಕ್ಕೂ ಒಂದೇ ಕಡೆ ಕುಳಿತಿದ್ದಳು.

ರಾತ್ರಿ ಹೊಸ ದಿಂಬುಗಳನ್ನೆಲ್ಲ ತೆಗೆದು, ಹಳೆಯದನ್ನೇ ಹಾಕಿಕೊಂಡೆ. ಅದರಲ್ಲಿ ಅಂಥ ದೋಷವೇನೂ ಇರಲಿಲ್ಲ.